ಕಿಲೋದ ಬಹುವಚನ

ಪೆರ್ಲದ ಪ್ರೆಸ್ಸಿನಲ್ಲಿ ಸಾವಿರ ಲೇಬಲು ಹೊಡೆಸಿದ್ದೆವು.
ಹಲಸಿನ ಹಪ್ಪಳ: ಕನ್ನಡ ಮೇಲೆ, ಮಲಯಾಳ ಕೆಳಗೆ.
ಯಾವುದು ಮೇಲೆ ಎಂದು ಎರಡು ಸಂಜೆ ಜಗಳವಾಗಿತ್ತು,
ತೂಕದ ಸಾಲನ್ನು ಮಾತ್ರ ಯಾರೂ ಓದಿರಲಿಲ್ಲ.

ವಿದ್ಯಾನಗರದ ಆಫೀಸಿನಿಂದ ಬಂದ ಪ್ರಸೀದಾ ಮೇಡಂ
ಓದಿದ್ದು ಅದೊಂದನ್ನೇ.
ಕೆಂಪು ಪೆನ್ನಿನ ಮುಚ್ಚಳ ತೆಗೆದರು.
ಅವರ ಮಲಯಾಳವನ್ನು ನಬೀಸ ನನ್ನ ಕನ್ನಡಕ್ಕೆ ಸುರಿದಳು,
ಗೆರಸೆಯಿಂದ ಗೆರಸೆಗೆ, ಅಲ್ಲಲ್ಲಿ ಚೆಲ್ಲುತ್ತ:

ಕೆ ಸಣ್ಣದಿರಬೇಕು. ಜಿಯೂ ಸಣ್ಣದೇ.
ಕೊನೆಯ ಎಸ್ ತೆಗೆಯಿರಿ,
ಒಂದಿರಲಿ ನೂರಿರಲಿ, ಕಿಲೋಗೆ ಬಹುವಚನವಿಲ್ಲ.
ಚುಕ್ಕೆ ಯಾಕೆ? ಇದೇನು ವಾಕ್ಯವೇ ಮುಗಿಯಲಿಕ್ಕೆ?
ಮತ್ತೆ ಅಂಕಿಗೂ ಅಕ್ಷರಕ್ಕೂ ನಡುವೆ
ಒಂದಿಷ್ಟು ತೆರಪು ಬಿಡಿ.

ಬಸ್ಸಿನ ಕ್ಲೀನರ್ ಹುಡುಗನಿಗೂ
ಬನ್ನಿ ಹೋಗಿ ಅನ್ನುವವರು ನಾವು.

ದೊಡ್ಡ ಕೆ ಇದ್ದರೆ ಏನಾಗ್ತದೆ, ಐತೆ ಕೇಳಿದಳು.
ಅದು ಕೆಲ್ವಿನ್, ಅಂದರು. ಬಿಸಿಯ ಅಳತೆ.

ನಾನು ಬಾಯಿ ಬಿಡಲಿಲ್ಲ.
ಮೇ ತಿಂಗಳಿಡೀ ಅಂಗಳದ ಚಾಪೆಯಲ್ಲಿ
ಕಾಗೆ ಓಡಿಸುತ್ತ ಮಗುಚಿ ಹಾಕಿದ್ದು
ಮತ್ತೇನನ್ನು?

ಒಂದು ಕಟ್ಟು ತಕ್ಕಡಿಗೆ ಹೋಯಿತು.
ಒಂಬೈನೂರ ತೊಂಬತ್ತೊಂದು.
ಒಂಬತ್ತು ಗ್ರಾಂ ಎಲ್ಲಿ?

ಹನ್ನೊಂದು, ಅಂದಳು ನಬೀಸ.
ಕಟ್ಟಿದ ದಿನ ಸಾವಿರದ ಎರಡಿತ್ತು, ಪುಸ್ತಕದಲ್ಲಿದೆ.
ನಾನು ಅವಳ ಕಾಲು ತುಳಿದದ್ದು ತಡವಾಯಿತು.
ಕಾಗದದೊಳಗೂ ಒಣಗುತ್ತಲೇ ಇರ್ತದೆ ಮೇಡಂ,
ನಾವು ಕಟ್ಟಿದೆವು ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಅವರು ನಕ್ಕರೋ, ಕೆಮ್ಮಿದರೋ.
ತೂಕದಲ್ಲಿ ಅಷ್ಟು ಹೆಚ್ಚುಕಮ್ಮಿಗೆ ವಿನಾಯಿತಿ ಉಂಟು,
ಎಸ್‌ಗೆ ಇಲ್ಲ.

ಹಳೆಯ ಲೇಬಲುಗಳ ಬೆನ್ನಲ್ಲಿ ಈಗ ಹಾಲಿನ ಲೆಕ್ಕ ಬರೆಯುತ್ತೇವೆ.
ಹೊಸದರಲ್ಲಿ ಎಲ್ಲ ಸರಿಯಿದೆ,
ತೆರಪು ತುಸು ಹೆಚ್ಚೇ ಆಯಿತು,
ಒಂದು ಎಲ್ಲೋ, ಕಿಲೋ ಎಲ್ಲೋ.

ಕೆಟ್ಟದ್ದು ನನ್ನ ಕಣ್ಣು.
ಬಸ್ಸಿನಲ್ಲಿ ಕೂತರೆ ಊರು ಕಾಣುವುದಿಲ್ಲ.
ಬದಿಯಡ್ಕದ ಕೋಳಿ ಅಂಗಡಿಯಲ್ಲಿ ದೊಡ್ಡ ಕೆ,
ಸಿಮೆಂಟಿನ ಗೋಡೆಯಲ್ಲಿ ಬಾಲದಂತೆ ಎಸ್,
ಬಂಗುಡೆಯ ಹಲಗೆಯಲ್ಲಿ ಸುಣ್ಣದ ಚುಕ್ಕೆ.
ಪಕ್ಕದ ಸೀಟಿನವರಿಗೆ ಹೇಳಲೂ ನಾಚಿಕೆ.

ಸಾರಡ್ಕದಲ್ಲಿ ಗಡಿ ದಾಟಿತು.
ಬೋರ್ಡಿನಿಂದ ಮಲಯಾಳ ಇಳಿದುಹೋಯಿತು,
ದೊಡ್ಡ ಕೆ ಇಳಿಯಲಿಲ್ಲ.
ಕಲ್ಲಡ್ಕಕ್ಕೆ ಇನ್ನು ಇಷ್ಟು ಬಿಸಿ,
ಎಂದು ಓದಿಕೊಂಡೆ,
ಕಿಟಕಿಯ ಸರಳು ಸುಡುತ್ತಿತ್ತು.