ಐದು ಮನೆ

ಅರ್ಜಿಯಲ್ಲಿ ಏಳನೆಯ ಕಾಲಂ:
ಕುಟುಂಬದಲ್ಲಿ ಸಂಗೀತ ಬಲ್ಲವರು ಯಾರು?
'ಇಲ್ಲ ಅಂತ ಬರಿ' ಅಂದೆ.
ಮೋಕ್ಷಿತಾ ನನ್ನ ಮುಖ ನೋಡಿದಳು,
ಅಜ್ಜನ ಹೆಸರು ಟೈಪು ಮಾಡಿದಳು:
ದೂಮಪ್ಪ ಶೇರಿಗಾರ, ನಾಗಸ್ವರ.

ಅಪ್ಪ ಊದುತ್ತಿದ್ದದ್ದು ನಿಜ.
ಮದುವೆ ಚಪ್ಪರದ ಅಂಚಿನಲ್ಲಿ ನಿಂತು,
ಕೊನೆಯ ಪಂಕ್ತಿ ಎದ್ದ ಮೇಲೆ ಎಲೆ.
ಅದನ್ನು ಸಂಗೀತ ಅಂತ ಯಾರೂ ಅನ್ನುತ್ತಿರಲಿಲ್ಲ.
ವಾಲಗದವರು ಬಂದರಾ?
ವಾಲಗದವರದ್ದು ಊಟ ಆಯ್ತಾ?
ನಾನು ಐಟಿಐ ಸೇರಿದ್ದು, ಮಸ್ಕತ್ತಿನ ವಿಮಾನ ಹತ್ತಿದ್ದು
ಆ ಎರಡು ಪ್ರಶ್ನೆ ಮತ್ತೆ ಕಿವಿಗೆ ಬೀಳಬಾರದೆಂದು.

ಇಲ್ಲಿ ನಾನು ಏಸಿ ಮೆಕ್ಯಾನಿಕ್.
ಸ್ಕ್ರೂಡ್ರೈವರಿನ ತುದಿ ಕಂಪ್ರೆಸರಿನ ಹೊಟ್ಟೆಗಿಟ್ಟು
ಹಿಡಿಯನ್ನು ಕಿವಿಗೊತ್ತಿ ಕೇಳಿದರೆ
ಅದಿನ್ನು ಎಷ್ಟು ದಿನ ಬದುಕುತ್ತದೆಂದು ಹೇಳಬಲ್ಲೆ.
ಇದಕ್ಕೆ ಕಾಲಂ ಇಲ್ಲ.

ಶಿಫಾರಸು ಪತ್ರದಲ್ಲಿ ಪದ್ಮಜಾ ಟೀಚರು ಬರೆದಿದ್ದರು:
'ಹುಡುಗಿಯದು ಐದು ಮನೆ ಶ್ರುತಿ.'
ಲೆಕ್ಕ ಸರಿಯಾಗೇ ಇದೆ ಅಂದುಕೊಂಡೆ:
ಹಮ್ರಿಯಾ, ದಾರ್ಸೈತ್, ವಾದಿ ಕಬೀರ್, ಘಲಾ, ಈಗ ರುವಿ.
ಬಾಡಿಗೆ ಏರಿದಾಗಲೆಲ್ಲ ಮಂಚ ಬಿಚ್ಚಿ, ಮಂಚ ಜೋಡಿಸಿ,
ಶ್ರುತಿಪೆಟ್ಟಿಗೆಯನ್ನು ಮಾತ್ರ ಸುಜಯಾ
ಪಿಕಪ್ಪಿನ ಮುಂದಿನ ಸೀಟಿನಲ್ಲಿ ಮಡಿಲಲ್ಲಿಟ್ಟುಕೊಂಡು ಬರುತ್ತಿದ್ದಳು.
ಅದು ಹಾರ್ಮೋನಿಯಮ್ಮಿನ ಮನೆ ಅಪ್ಪಾ, ಬಾಡಿಗೆಯದಲ್ಲ,
ಅಂತ ಮಗಳು ಆಮೇಲೆ ತಿದ್ದಿದಳು.

ಮೊದಲ ಸುತ್ತಿಗೆ ವಿಡಿಯೊ ಕಳಿಸಬೇಕಿತ್ತು.
ಒಂದು ಸಲ ಪಕ್ಕದ ಮನೆಯ ಕುಕ್ಕರು, ಒಂದು ಸಲ ಮಸೀದಿಯ ಬಾಂಗು.
ಬಾಂಗು ಮುಗಿಯುವ ತನಕ ತಲೆ ವಾರೆ ಮಾಡಿ ಕೇಳಿ
'ಇವತ್ತು ಅವರು ಸ್ವಲ್ಪ ಮೇಲೆ ಹಿಡಿದಿದ್ದಾರೆ' ಅಂದಳು.

ಎರಡನೆಯ ಸುತ್ತು ನೇರ. ಜೂನ್ ಹನ್ನೊಂದು,
ಅಲ್ಲಿ ಹನ್ನೆರಡು ಗಂಟೆ, ನಮ್ಮಲ್ಲಿ ಹತ್ತೂವರೆ,
ಹೊರಗೆ ನಲವತ್ತಾರು ಡಿಗ್ರಿ.
ಸದ್ದಾಗಬಾರದೆಂದು ಏಸಿ ಆರಿಸಿದೆ, ಫ್ರಿಜ್ಜಿನ ಪ್ಲಗ್ಗು ಕಿತ್ತೆ,
ಗೋಡೆ ಗಡಿಯಾರವನ್ನೂ ನಂಬಲಿಲ್ಲ, ಹಾಸಿಗೆಯಡಿ ಹೂತೆ.
ಲ್ಯಾಪ್‌ಟಾಪಿನಲ್ಲಿ ಮೂವರು.
ನಡುವಿನವರದು ಹಣೆ ಮಾತ್ರ ಕಾಣುತ್ತಿತ್ತು.
ಬೇಗಡೆ ಕೇಳಿದರು, ಹಾಡಿದಳು.
ಗಲ್ಲದಿಂದ ಬೆವರು ಚಾಪೆಗೆ ತೊಟ್ಟಿಕ್ಕುತ್ತಿತ್ತು.
ಬಾಗಿಲ ಬಳಿ ನಾನು, ನನ್ನ ಬೆನ್ನಿಗೆ ಸುಜಯಾ,
ಅವಳ ಕೈಯಲ್ಲಿ ಯಾರೂ ಕೇಳದ ಬಿಸಿನೀರಿನ ಫ್ಲಾಸ್ಕು.

ಹಣೆ ತನ್ನದೇ ಶ್ರುತಿಯಲ್ಲಿ ಏನೇನೋ ಗುನುಗಿತು,
ಇವಳು ಸ್ವರ ಬಿಡಿಸಿದಳು, ಮತ್ತೊಂದು, ಮತ್ತೂ ಒಂದು.
'ಸರಿ. ಶ್ರುತಿಪೆಟ್ಟಿಗೆ ಮುಟ್ಟದೆ
ಈಗ ನಿಮ್ಮ ಷಡ್ಜಕ್ಕೆ ವಾಪಸು ಬನ್ನಿ.'

ಮನೆ ಅಷ್ಟು ಸುಮ್ಮನಿದ್ದದ್ದನ್ನು ಅವಳು ಕೇಳಿಯೇ ಇರಲಿಲ್ಲ,
ಹದಿನೇಳು ಬೇಸಿಗೆಯಲ್ಲಿ ಒಂದು ರಾತ್ರಿಯೂ.
ಬಾಯಿ ತೆರೆಯಿತು, ಮುಚ್ಚಿತು.
ಕಣ್ಣು ಕಿಟಕಿಯ ಏಸಿಯ ಕಡೆ ಹೋಯಿತು.
ಸ್ವಿಚ್ಚು ಇದ್ದದ್ದು ನನ್ನ ಭುಜದ ಪಕ್ಕದಲ್ಲೇ. ಒತ್ತಿದೆ.
ಹಳೇ ಪೆಟ್ಟಿಗೆ ಒಮ್ಮೆ ಕೆಮ್ಮಿ, ಮೈ ಕೊಡವಿ,
ಗುಂಯ್ ಅಂತ ನಿಂತಿತು.

'ಏನದು ಸದ್ದು?'
'ಏಸಿ, ಸರ್. ಐದು ಮನೆಗಿಂತ ಕೂದಲೆಳೆ ಮೇಲಿರುತ್ತೆ.
ನಾನು ಆ ಕೂದಲು ಇಳಿಸ್ತೇನೆ.'
ಇಳಿಸಿದಳು. ಸಾ.
ಅವರು ನಕ್ಕರೋ, ಅಂಕ ಕಳೆದರೋ,
ಹಣೆಯಿಂದ ಏನು ಗೊತ್ತಾಗುತ್ತದೆ?

ಫ್ರಿಜ್ಜಿನ ಪ್ಲಗ್ಗು ಹಾಕಲು ಮೂವರೂ ಮರೆತೆವು.
ಸಂಜೆ ಎರಡು ಕಿಲೊ ಬಂಗುಡೆ ಕಸದ ಡಬ್ಬಿಗೆ.

ಫಲಿತಾಂಶ ಇನ್ನೂ ಬಂದಿಲ್ಲ.
ಇವತ್ತು ಘಲಾದಲ್ಲಿ ಆರನೆಯ ಮಹಡಿಯ ಮೇಲಿನ ತಾರಸಿ,
ಹದಿನಾಲ್ಕು ಕಂಪ್ರೆಸರು, ನೆರಳಿಲ್ಲ.
ಸ್ಕ್ರೂಡ್ರೈವರಿಗೆ ಕಿವಿಯಿಟ್ಟು ಕೂತಾಗ
ನನ್ನ ಕೆನ್ನೆ ತಾನಾಗಿ ಉಬ್ಬಿತ್ತು.

ಮಗಳಿಗೆ ಹೇಳಿಲ್ಲ ನಾನು:
ಒಂಬತ್ತನೆಯ ವಯಸ್ಸಿನಿಂದ ಹದಿನಾಲ್ಕರ ತನಕ
ಅಪ್ಪನ ಎಡಗಡೆ ನಿಂತು ಒತ್ತು ಊದುತ್ತಿದ್ದವ ನಾನೇ.
ಒಂದೇ ಸ್ವರ.
ಮುಹೂರ್ತ ಮುಗಿಯುವ ತನಕ
ಉಸಿರು ಎಲ್ಲಿ ಎಳೆದುಕೊಂಡೆ ಅಂತ
ಯಾರಿಗೂ ಗೊತ್ತಾಗದ ಹಾಗೆ.