ಚರಟ

ಬೆಳಿಗ್ಗೆ ಆರಕ್ಕೆ ಹೋಟೆಲಿನ ಹಿಂಬಾಗಿಲಲ್ಲಿ
ಎರ್ರಿಸ್ವಾಮಿ ಡಿಕಾಕ್ಷನ್ನಿನ ಬಟ್ಟೆಚೀಲ ಮಗುಚುತ್ತಾನೆ.
ಧಪ್ಪನೆ ಬೀಳುತ್ತದೆ ಚರಟ
ಅಚ್ಚಿನಿಂದ ಬಿದ್ದ ಬೆಲ್ಲದ ಹಾಗೆ,
ಇನ್ನೂ ಬಿಸಿ.
ನಾನು ಪೇಂಟಿನ ಡಬ್ಬಿ ಹಿಡಿದು ನಿಂತಿರುತ್ತೇನೆ.

"ನಾವು ಕುಡಿಯೋದು ಚಾ," ಖಾಜಾಬನ್ನಿ ನಗುತ್ತಾಳೆ,
"ನಿನ್ನ ಗಿಡಕ್ಕೆ ಮಾತ್ರ ಕಾಫಿ ಬೇಕೇನವ್ವಾ?"
ಅವಳು ಜೇಬು ಹೊಲಿಯುತ್ತಾಳೆ, ನಾನು ಜಿಪ್ಪು ಕೂಡಿಸುತ್ತೇನೆ,
ಒಂದೇ ಗೋಡೆಗೆ ಬೆನ್ನು ಕೊಟ್ಟ ಎರಡು ಮಿಷನ್ನು.
ಕೌಲ್ ಬಜಾರಿನ ಈ ಓಣಿಯಲ್ಲಿ
ಮೋರಿ ನೀಲಿ, ಬೆರಳ ಸಂದಿ ನೀಲಿ,
ಗಾಳಿ ಎದ್ದರೆ ತಂತಿಯ ಮೇಲಿನ ಬಿಳಿ ಸೀರೆ ಕೆಂಪು.
ಕಪ್ಪೊಂದು ಬಾಕಿ ಇತ್ತು. ಡಬ್ಬಿಯಲ್ಲಿ ತಂದೆ.

ಮೊದಲ ಸಲ ಆಸೆ ಹೆಚ್ಚಾಯಿತು.
ಕುಂಡದ ಕರಿಬೇವಿನ ಬುಡಕ್ಕೆ ಎರಡು ಬೊಗಸೆ ಸುರಿದು
ಅಂಗೈಯಲ್ಲಿ ತಟ್ಟಿದೆ, ರೊಟ್ಟಿ ತಟ್ಟುವ ರೂಢಿಯಲ್ಲಿ.
ನಾಲ್ಕು ದಿನಕ್ಕೆ ಅದು ಹೆಂಚಿನಂತೆ ಬಿಗಿದು
ಹೊಯ್ದ ನೀರು ಅಂಚಿನಿಂದ ಹೊರಗೆ ಹರಿಯಿತು.
ವಾರಕ್ಕೆ ಬಿಳಿ ಬೂಸಲು,
ಬೆಕ್ಕಿನ ಮರಿಯ ಬೆನ್ನಿನಷ್ಟು ಮೆತ್ತಗೆ.
ಎಲೆ ಹಳದಿ. ಗಿಡ ಮುನಿಸಿಕೊಂಡಿತ್ತು.
ನಾನೂ ಮುನಿಸಿಕೊಂಡೆ, ಅದರ ಮೇಲಲ್ಲ.

ಎರ್ರಿಸ್ವಾಮಿಗೆ ಹೇಳಿದರೆ
ಒಲೆಯಿಂದ ಕಣ್ಣು ತೆಗೆಯದೆ ಅಂದ:
"ಬರೇ ಡಿಕಾಕ್ಷನ್ ಯಾರಾದ್ರೂ ಕುಡೀತಾರೇನಮ್ಮಾ?
ಹಾಲು ಬೆರಸಬೇಕು."
ಗಿಡದ ಹಾಲು ಯಾವುದೆಂದು ಅವನಿಗೂ ಗೊತ್ತಿಲ್ಲ.
ಮೂರು ಡಜನ್ ಜಿಪ್ಪು ಮುಗಿಯುವವರೆಗೆ ಯೋಚಿಸಿದೆ.

ಈಗ ಮಾಳಿಗೆಯ ಮೇಲೆ ಡೆನಿಮ್ ತುಂಡು ಹಾಸಿ
ಚರಟ ಒಣಗಿಸುತ್ತೇನೆ, ಹಪ್ಪಳದ ಪಕ್ಕ.
ಬಳ್ಳಾರಿ ಬಿಸಿಲಿಗೆ ಒಂದು ಮಧ್ಯಾಹ್ನ ಸಾಕು.
ಒಣಗಿದ್ದು ಒಂದು ಹಿಡಿ, ಕುರಿ ಹಿಕ್ಕೆ ನಾಲ್ಕು ಹಿಡಿ,
ಬೇವಿನ ತರಗು ಸಿಕ್ಕಷ್ಟು.
ಕಲೆಸಿ, ಮಣ್ಣೊಳಗೆ ಮುಚ್ಚಿ
ಸುಮ್ಮನಿರಬೇಕು.
ಕಷ್ಟ ಇರುವುದು ಅಲ್ಲಿ.

ಚಿಗುರು ಬಂತು, ತಾಮ್ರದ ಬಣ್ಣದ್ದು, ತಡವಾಗಿ.
ಖಾಜಾಬನ್ನಿ ಒಂದು ಎಲೆ ಹೊಸಕಿ ಮೂಸಿ
"ಕಾಫಿ ವಾಸನೆ ಐತೆ ನೋಡು" ಅಂದಳು.
ಇಲ್ಲ. ಅದು ಬರೀ ಕರಿಬೇವು.
ವಾಸನೆ ಇರುವುದು ನನ್ನ ಉಗುರಿನಲ್ಲಿ;
ರಾತ್ರಿ ದಾರ ಪೋಣಿಸುವಾಗ
ಸೂಜಿಯ ಕಣ್ಣಿನ ಹತ್ತಿರ ಮೂಗು ತಂದಾಗ ಸಿಗುತ್ತದೆ.

ಆ ಹೋಟೆಲಿನ ಕಾಫಿ ನಾನಿನ್ನೂ ಕುಡಿದಿಲ್ಲ.
ಅದಕ್ಕೆ ಮುಂಬಾಗಿಲಿನಿಂದ ಹೋಗಬೇಕು.