ಅಳತೆ

ಗುರುವಾರ ಸಂಜೆ, ಕೊಮಾನಿ ಊರು.
ಚರ್ಚಿನ ಹಿಂದಣ ಹಾಲಿಗೆ ಹೀಟರ್ ಇಲ್ಲ.
ಜುಲೈ ಅಂದರೆ ಇಲ್ಲಿ ನಡುಚಳಿ,
ಸಿಮೆಂಟು ನೆಲ ಕಾಲು ಕಚ್ಚುತ್ತದೆ.
ನಾವು ಏಳು ಜನ, ಒಂದು ಉದ್ದನೆ ಮೇಜು,
ಕಂಬಳಿ ಹೊದ್ದೇ ಕೆಲಸ.

ನೋಜಿಬೆಲೆ ಅಮ್ಮ ಹಳೆಯ ಪರದೆ ಹರಿದು
ಚೀಲ ಹೊಲಿದು ತರುತ್ತಾಳೆ.
ಯಾರದೋ ಊಟದ ಮನೆಯ ಸೂರ್ಯಕಾಂತಿ,
ಯಾವುದೋ ಮುಚ್ಚಿಹೋದ ಹೋಟೆಲಿನ ಪಟ್ಟೆ.
ಒಂದು ಸೋಪು, ಒಂದು ಬಾಚಣಿಗೆ,
ಹಲ್ಲುಜ್ಜುವ ಬ್ರಷ್ಷು, ಚಿಕ್ಕ ಟವೆಲು,
ಬಿಸ್ಕತ್ತಿನ ಪೊಟ್ಟಣ. ಖಾಲಿ ಹೊಟ್ಟೆಗೆ
ಆ ಮಾತ್ರೆ ನುಂಗಿದರೆ ವಾಂತಿಯಾಗುತ್ತದೆ, ಹಾಗಾಗಿ.
ಮತ್ತೆ ಒಂದು ಒಳಚಡ್ಡಿ, ಹೊಸದು, ಬೆಲೆಚೀಟಿ ಕಿತ್ತದ್ದು.
ತೊಟ್ಟು ಬಂದದ್ದನ್ನು ಡಾಕ್ಟರು ಕಾಗದದ ಚೀಲಕ್ಕೆ ಹಾಕಿ
ಅಂಟಿಸಿ, ಸಹಿ ಮಾಡಿ, ಪೊಲೀಸರಿಗೆ ಕೊಡುತ್ತಾರೆ.
ಸಾಕ್ಷಿ ಮುಂದೆ ಹೋಗುತ್ತದೆ.
ಹೆಂಗಸು ಮನೆಗೆ ಹೋಗಬೇಕಲ್ಲ,
ಏನು ತೊಟ್ಟುಕೊಂಡು?

ಮೊದಲ ವರ್ಷ ಈ ಪ್ರಶ್ನೆ ನಮಗ್ಯಾರಿಗೂ ಹೊಳೆದಿರಲಿಲ್ಲ.
ಕರಪತ್ರ ಹಂಚುತ್ತಿದ್ದೆವು.
ಆಸ್ಪತ್ರೆಯ ನೆಲ ಒರೆಸುವ ಲೆವೀನಾ ಫೊರ್ಟೇನ್
ರಾತ್ರಿ ಪಾಳಿ ಮುಗಿಸಿ ಒಂದು ದಿನ ಬಂದಳು.
"ನಿಮ್ಮ ಕಾಗದ ಚೆನ್ನಾಗಿದೆ. ನಿನ್ನೆ ಒಬ್ಬಳು
ಹಸಿರು ಆಪರೇಷನ್ ಗೌನಿನಲ್ಲೇ ಟ್ಯಾಕ್ಸಿ ಹತ್ತಿದಳು.
ಬೆನ್ನ ಹಿಂದಿನ ಲಾಡಿ ಕೈಗೆಟುಕದೆ."

ಆವತ್ತಿಂದ ಚೀಲ.

ಆ ಕೋಣೆಯ ಬಾಗಿಲ ಮೇಲೆ ಬರೆದಿದೆ: ಥುತುಜೆಲ.
ಸಂತೈಸು, ಎಂದರ್ಥ.
ನಾಮಪದವಲ್ಲ, ನೋಡಿ, ಕ್ರಿಯಾಪದ.
ಯಾರಾದರೂ ಮಾಡಿದರೆ ಮಾತ್ರ ಅದು ಉಂಟು.

ಅಲ್ಲಿ ಎಲ್ಲರೂ ಅಳೆಯುತ್ತಾರೆ.
ಎಷ್ಟು ಹೊತ್ತಿಗೆ, ಎಷ್ಟು ದೂರ, ಎಷ್ಟು ಜನ,
ಗಾಯ ಎಷ್ಟು ಸೆಂಟಿಮೀಟರ್,
ಬೇಡವೆಂದದ್ದು ಎಷ್ಟು ಸಲ, ಎಷ್ಟು ಗಟ್ಟಿಯಾಗಿ.
ಒಂದೂವರೆ ವರ್ಷ ಕಳೆದು ಕೋರ್ಟಿನಲ್ಲಿ
ಅದೇ ಅಳತೆ ಇನ್ನೊಮ್ಮೆ, ಕೋಲು ಬೇರೆ.
ಹಿಂದಿನ ಬೆಂಚಿನಲ್ಲಿ ಕೂರಲು ನಮ್ಮಲ್ಲಿ ಇಬ್ಬರು ಹೋಗುತ್ತೇವೆ.
ಮಾತಾಡುವಂತಿಲ್ಲ. ತಲೆಯಾಡಿಸುವಂತಿಲ್ಲ.
ಅವಳು ತಿರುಗಿ ನೋಡಿದಾಗ ಅಲ್ಲಿರುವುದು, ಅಷ್ಟೆ.

ಚೀಲ ಕೊಡುವ ರಾತ್ರಿ ನಾನು ಕೇಳುವುದು ಒಂದೇ ಅಳತೆ:
ಸಣ್ಣದೋ, ಮಧ್ಯಮವೋ, ದೊಡ್ಡದೋ?
ಕೆಲವರು ಅದಕ್ಕೂ ಉತ್ತರಿಸುವುದಿಲ್ಲ.
ಆಗ ಕಣ್ಣಳತೆ.

ಮೇಜಿನ ತುದಿಗೆ ಒಂದು ಪೆಟ್ಟಿಗೆ.
ನಾಲ್ಕರಿಂದ ಆರು ವರ್ಷ, ಚಿಟ್ಟೆಯ ಚಿತ್ರದ್ದು.
ಅದನ್ನು ತುಂಬುವ ಸರದಿ ಬಂದವಳ ಜೊತೆ
ಯಾರೂ ಮಾತಾಡುವುದಿಲ್ಲ. ಟೀ ತಂದಿಡುತ್ತೇವೆ.
ಈ ತಿಂಗಳು ಅದು ಎರಡು ಸಲ ಖಾಲಿಯಾಯಿತು.

ಹಣ ಕೊಡುವವರು ಫಾರಂ ಕಳಿಸಿದ್ದಾರೆ:
ನಿಮ್ಮ ಕೆಲಸದ ಪರಿಣಾಮವನ್ನು ಅಂಕಿಗಳಲ್ಲಿ ತಿಳಿಸಿ.
ಫುಮೆಝಾ ಕನ್ನಡಕ ಏರಿಸಿ ಬರೆದಳು,
ಚೀಲ, ಮುನ್ನೂರ ಹನ್ನೊಂದು.
ಮುಂದಿನ ಕಾಲಂ ನೋಡುತ್ತ ಪೆನ್ನು ಕಚ್ಚಿದಳು.

ಕಳೆದ ಗುರುವಾರ ಬಾಗಿಲ ಚಿಲಕಕ್ಕೆ ಒಂದು ಚೀಲ ತೂಗುತ್ತಿತ್ತು.
ನಮ್ಮದೇ, ಸೂರ್ಯಕಾಂತಿಯದು,
ಒಗೆದು ಇಸ್ತ್ರಿ ಮಾಡಿದ್ದು.
ಒಳಗೆ ಮೂರು ನಿಂಬೆಹಣ್ಣು, ಒಂದು ಚೀಟಿ, ಹೆಸರಿಲ್ಲ.
"ಬಿಸ್ಕತ್ತು ಮೆತ್ತಗಾಗಿತ್ತು.
ಚಡ್ಡಿ ಎರಡು ಸೈಜು ದೊಡ್ಡದು. ಟ್ಯಾಕ್ಸಿಯಿಂದ ಮನೆತನಕ
ಲಂಗದ ಮೇಲಿಂದ ಮುಷ್ಟಿಯಲ್ಲಿ ಹಿಡಿದೇ ನಡೆದೆ.
ಮುಂದಿನವಳಿಗಾದರೂ ಸರಿಯಾಗಿ ನೋಡಿ ಕೊಡಿ."

ಆ ರಾತ್ರಿ ಪಾಳಿ ಯಾರದಿತ್ತೋ.
ನನ್ನದೇ ಇರಬೇಕು.

ನೋಜಿಬೆಲೆ ಅಮ್ಮ ಚೀಟಿಯನ್ನು ಎರಡು ಸಲ ಓದಿಸಿದಳು,
ಸೂಜಿ ಕೆಳಗಿಟ್ಟಳು,
ಬಾಯಿಗೆ ಸೆರಗಿನಂತೆ ಕಂಬಳಿಯಂಚು ಒತ್ತಿ
ಕುರ್ಚಿ ಅಲುಗುವಷ್ಟು ನಕ್ಕಳು.
"ಬೈದಿದ್ದಾಳೆ ಕಣ್ರೇ! ಅವಳು ನಮ್ಮನ್ನು ಬೈದಿದ್ದಾಳೆ!"
ನಗು ಮೇಜಿನುದ್ದಕ್ಕೂ ಹರಿದು
ಚಿಟ್ಟೆಯ ಪೆಟ್ಟಿಗೆಯ ಹತ್ತಿರ ನಿಂತಿತು.

ನಿಂಬೆ ಕೊಯ್ದು ಟೀಗೆ ಹಿಂಡಿಕೊಂಡೆವು.
ಬಿಸ್ಕತ್ತಿನ ಅಂಗಡಿ ಬದಲಾಯಿಸಿದೆವು.
ಈಗ ಪ್ರತಿ ಚೀಲದಲ್ಲೂ
ಒಂದು ಪಿನ್ನು ಇರುತ್ತದೆ.